ದೂರನ್ನು ಓದುವ ಬಗೆ

ನಾನು ಪಾಠ ಮಾಡುತ್ತಿದ್ದ ಕಾಲೇಜೊಂದರಲ್ಲಿ ಕಸ ಗುಡಿಸುವ ಅಕ್ಕ ಒಬ್ಬರು ಆಫೀಸಿಗೆ ಹೋಗಿ ದೂರು ಹೇಳಿದರು: "ಸ್ಟಾಫ್ ರೂಮಲ್ಲಿ ಎಲ್ಲರಿಗೂ ಗಾಜಿನ ಲೋಟ. ನಂಗೆ ಮಾತ್ರ ಕಿಟಕೀಲಿಟ್ಟಿರೋ ಪ್ಲಾಸ್ಟಿಕ್ ಲೋಟ. ನಾನು ಕೇರಿಯೋಳು ಅಂತ ತಾನೆ?" ಗುಮಾಸ್ತರು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೊಂದು ದಿನ ಆ ಕಾಗದವನ್ನು ನಾನು ಓದಿ ಹೇಳಿದೆ: "ಸಿಬ್ಬಂದಿಯ ನಡುವೆ ಹೊಂದಾಣಿಕೆಯ ಕೊರತೆ. ಉಭಯತರರಿಗೂ ತಿಳಿವಳಿಕೆ ನೀಡಲಾಗಿದೆ." ಅಕ್ಕ ಅಂದರು: "ಮೇಷ್ಟ್ರೆ, ನಾನು ಹೇಳಿದ್ದು ಇದಲ್ವಲ್ಲ."

ದಲಿತ ವಿಮರ್ಶೆ ಕತೆ, ಕಾವ್ಯಗಳನ್ನಷ್ಟೇ ಅಲ್ಲ, ಇಂಥ ಕಾಗದಗಳನ್ನೂ ಓದಬೇಕು ಎಂದು ನನಗನಿಸಿದ್ದು ಆಗ. ಅಲ್ಲಿ ಲೋಟವೂ ಇರಲಿಲ್ಲ, ಜಾತಿಯೂ ಇರಲಿಲ್ಲ. ಅನ್ಯಾಯ ನಡೆದದ್ದು ವಿಚಾರಣೆಯಲ್ಲಲ್ಲ, ಅದಕ್ಕೂ ಮೊದಲು, ಬರೆದುಕೊಳ್ಳುವಾಗಲೇ. 'ಉಭಯತರರು' ಎಂಬ ಒಂದು ಪದ ಲೋಟ ಇಟ್ಟವರನ್ನೂ ಅದರಲ್ಲಿ ಕುಡಿದವರನ್ನೂ ಸಮಾನರನ್ನಾಗಿಸಿತ್ತು. ಇದನ್ನೇ ನಮ್ಮ ಕಚೇರಿಗಳು ನಿಷ್ಪಕ್ಷಪಾತ ಎನ್ನುತ್ತವೆ.

ಇದು ಇಂದಿನ ಮಾತಲ್ಲ. 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಹೋದ ಬಾಬಾಸಾಹೇಬರು ಅಧ್ಯಾಪಕರಿಗಿಟ್ಟ ಕೊಡದ ನೀರು ಕುಡಿದದ್ದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದ್ದರು. ಅಲ್ಲಿ ದೂರುವ ಹಕ್ಕೂ ಮುಟ್ಟಿಸಿಕೊಳ್ಳದವರದೇ ಆಗಿತ್ತು.

ಹಾಗಾದರೆ ನ್ಯಾಯವಾಗಿ ದೂರು ಕೇಳುವುದೆಂದರೇನು? ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಬೇಕು. ಓದಿ ಹೇಳಿದ ಮೇಲೆ ಸಹಿ ಪಡೆದು, ತಾರೀಕು ಹಾಕಿದ ಪ್ರತಿ ಕೊಡಬೇಕು. ಇದು ಯಾರೂ ಮಾಡುವ ಉಪಕಾರವಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ 2015ರಲ್ಲಾದ ತಿದ್ದುಪಡಿ ಬರೆದುಕೊಂಡದ್ದನ್ನು ಓದಿ ಹೇಳಿ, ಸಹಿ ಪಡೆದು, ಪ್ರತಿ ಕೊಡುವುದನ್ನು ಪೊಲೀಸ್ ಠಾಣೆಗೆ ಕರ್ತವ್ಯವೆಂದು ವಿಧಿಸಿದೆ. ಠಾಣೆಗೆ ಅನ್ವಯಿಸುವ ಈ ಕನಿಷ್ಠ ಮರ್ಯಾದೆ ಕಾಲೇಜಿನ ಆಫೀಸಿಗೆ ಯಾಕೆ ಬೇಡ?

ಎರಡನೆಯದು, ಯಾರ ಮೇಲೆ ದೂರಿದೆಯೋ ಅವರು ವಿಚಾರಣೆಗೆ ಕೂರಬಾರದು. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗೆಗಿನ 2013ರ ಕಾಯ್ದೆ ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನವರೊಬ್ಬರಿರಬೇಕು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು ಎನ್ನುತ್ತದೆ. ಜಾತಿಯ ದೂರು ಕೇಳುವ ಸಮಿತಿಯಲ್ಲೂ ಆ ನೋವು ಬಲ್ಲವರಿರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಆದರೆ ಅಪರಾಧವೇ ನಡೆದಿದ್ದರೆ ಸಮಿತಿ ಠಾಣೆಯ ದಾರಿಗೆ ಅಡ್ಡ ನಿಲ್ಲಬಾರದು.

ಮೂರನೆಯದು, ಆರೋಪಿಗೂ ನ್ಯಾಯ ಬೇಕು. 'ಹೊಂದಾಣಿಕೆಯ ಕೊರತೆ' ಎಂಬ ಆರೋಪಕ್ಕೆ ಯಾರು ತಾನೆ ಉತ್ತರ ಕೊಟ್ಟಾರು? "ಆ ಲೋಟ ಅಲ್ಲಿಟ್ಟವರು ಯಾರು, ಯಾಕೆ?" ಎಂದರೆ ಉತ್ತರಿಸಬಹುದು. ಸ್ಪಷ್ಟವಾದ ಮಾತು ಇಬ್ಬರನ್ನೂ ಕಾಯುತ್ತದೆ. ಹಾಗೆಯೇ ತೀರ್ಮಾನವನ್ನು ಕಾರಣಗಳೊಂದಿಗೆ ಬರೆದು ಇಬ್ಬರಿಗೂ ಕೊಡಬೇಕು.

ಕೊನೆಯದು, ದೂರು ಕೊಟ್ಟವರನ್ನು ಎತ್ತಂಗಡಿ ಮಾಡಬಾರದು. 2013ರ ಕಾಯ್ದೆಯಲ್ಲಿ ವಿಚಾರಣೆ ನಡೆಯುವಾಗ ವರ್ಗಾವಣೆಗೆ ಅವಕಾಶವಿದೆ, ಆದರೆ ನೊಂದ ಹೆಂಗಸು ತಾನೇ ಬರೆದು ಕೇಳಿದರೆ ಮಾತ್ರ. ನಮ್ಮ ಅಕ್ಕ ಏನನ್ನೂ ಕೇಳಿರಲಿಲ್ಲ. ತಿಂಗಳೊಳಗೆ ಅವರನ್ನು ಹಾಸ್ಟೆಲಿನ ಕಕ್ಕಸು ತೊಳೆಯಲು ಹಾಕಿದರು.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳಲೇಬೇಕು. ಕಿಟಕಿಯ ಆ ಲೋಟವನ್ನು ನಾನೂ ದಿನಾ ನೋಡುತ್ತಿದ್ದೆ. ನಾನೂ ಕೇರಿಯಿಂದಲೇ ಬಂದವನು. ಎಂ.ಎ. ಓದಿದ್ದಕ್ಕೆ ನನಗೆ ಗಾಜಿನ ಲೋಟ ಸಿಕ್ಕಿತ್ತು, ಸುಮ್ಮನೆ ಕುಡಿಯುತ್ತಿದ್ದೆ. ಅಕ್ಕ ಹೇಳಿದ್ದನ್ನು ಅವರ ಮಾತಿನಲ್ಲೇ ಮತ್ತೆ ಬರೆದು, ಓದಿ ಹೇಳಿ, ಸಾಕ್ಷಿ ಎಂಬಲ್ಲಿ ನನ್ನ ಹೆಸರು ಹಾಕಿ ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ಸ್ವೀಕೃತಿಯ ಪ್ರತಿ ಮಾತ್ರ ಅಕ್ಕನ ಹತ್ತಿರ ಇದೆ.