ಖಾಲಿ ಛತ್ರದಲ್ಲಿ ತಂತ್ರಾಂಶದ ಅಡಿಗೆ

ಹತ್ತು ಹನ್ನೆರಡು ವರ್ಷಗಳ ಹಿಂದೆ ಪೈಥಾನ್ ಭಾಷೆ ಕಲಿಯಲು ಕೂತ ವಿದ್ಯಾರ್ಥಿಗಳಿಗೆ ಒಂದು ದೂರು ಬಾಯಿಪಾಠವಾಗಿತ್ತು: ‘ವಿಸಿವಾರ್ಸ್‌ಆಲ್.ಬ್ಯಾಟ್ ಸಿಗಲಿಲ್ಲ!’ ವಿಂಡೋಸ್ ಕಂಪ್ಯೂಟರಿಗೆ ‘ನಂಪೈ’ ಎಂಬ ಗಣಿತದ ತಂತ್ರಾಂಶವನ್ನು ಹಾಕಲು ಹೋದರೆ ಪರದೆಯ ಮೇಲೆ ಸಾಲುಸಾಲು ಅಕ್ಷರಗಳು ಓಡಿ, ಕೊನೆಗೆ ಈ ದೂರು ಬಂದು ನಿಲ್ಲುತ್ತಿತ್ತು. ಅದರ ಅರ್ಥ ಇಷ್ಟೆ: ‘ನಿನ್ನ ಬಳಿ ಸಿ ಭಾಷೆಯ ಕಂಪೈಲರ್ ಇಲ್ಲ, ಮುಂದೆ ಹೋಗಲಾರೆ.’ ಲೆಕ್ಕ ಕಲಿಯಲು ಬಂದ ಹುಡುಗಿ ಕಂಪೈಲರ್ ಹುಡುಕುತ್ತ ಎರಡು ದಿನ ಕಳೆಯಬೇಕಾಗುತ್ತಿತ್ತು.

ಈಗ ಅದೇ ನಂಪೈ ಅರ್ಧ ನಿಮಿಷದಲ್ಲಿ ಬಂದು ಕೂರುತ್ತದೆ. ನಡುವೆ ಏನಾಯಿತು?

ಮನುಷ್ಯರು ಬರೆಯುವ ಪ್ರೋಗ್ರಾಂ ಮೂಲಪಾಠ. ಅದನ್ನು ಯಂತ್ರಕ್ಕೆ ಅರ್ಥವಾಗುವ ಸೊನ್ನೆ–ಒಂದುಗಳ ಕಡತವಾಗಿ ಬದಲಿಸುವುದು ಕಂಪೈಲರ್ ಕೆಲಸ. ತೊಡಕು ಇರುವುದು ಇಲ್ಲೇ. ಇಂಟೆಲ್ ಚಿಪ್ಪಿಗೆ ಮಾಡಿದ ಕಡತ ಎಆರ್‌ಎಂ ಚಿಪ್ಪಿಗೆ ಆಗದು. ವಿಂಡೋಸಿನದು ಲಿನಕ್ಸಿಗೆ ಆಗದು. ಮೂರು ಆಪರೇಟಿಂಗ್ ಸಿಸ್ಟಮ್, ಎರಡು ಬಗೆಯ ಚಿಪ್, ಬಳಕೆಯಲ್ಲಿರುವ ನಾಲ್ಕು ಪೈಥಾನ್ ಆವೃತ್ತಿ ಎಂದಿಟ್ಟುಕೊಳ್ಳಿ. ಗುಣಿಸಿದರೆ 24. ಮೂಲಪಾಠದಲ್ಲಿ ಒಂದು ಸಾಲು ತಿದ್ದಿ ಹೊಸದಾಗಿ ಬಿಡುಗಡೆ ಮಾಡಬೇಕೆಂದರೂ 24 ಕಡತಗಳನ್ನು ಮತ್ತೆ ತಯಾರಿಸಬೇಕು. 2020ರ ನವೆಂಬರಿನಲ್ಲಿ ಆಪಲ್ ಕಂಪನಿ ತನ್ನ ಎಂ-1 ಚಿಪ್ಪಿನ ಲ್ಯಾಪ್‌ಟಾಪ್ ತಂದಾಗ ಪಟ್ಟಿ ಇನ್ನಷ್ಟು ಬೆಳೆಯಿತು.

ಇದನ್ನೆಲ್ಲ ಕೈಯಲ್ಲಿ ಮಾಡುತ್ತಿದ್ದವರೂ ಇದ್ದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ಸಂಶೋಧಕರೊಬ್ಬರು ನೂರಾರು ಪೈಥಾನ್ ತಂತ್ರಾಂಶಗಳನ್ನು ವಿಂಡೋಸಿಗಾಗಿ ತಯಾರಿಸಿ, ವರ್ಷಗಟ್ಟಲೆ ಉಚಿತವಾಗಿ ಹಂಚಿದರು. ನಮ್ಮ ಕಾಲೇಜುಗಳ ಪ್ರಯೋಗಾಲಯಗಳೂ ಆ ಪುಟದ ಋಣದಲ್ಲಿವೆ. 2022ರಲ್ಲಿ ಪ್ರಯೋಗಾಲಯದ ಅನುದಾನ ನಿಂತಿತು, ಆ ಸೇವೆಯೂ ನಿಂತಿತು. ಜಗತ್ತಿನ ಪಾಠಶಾಲೆ ಒಬ್ಬರ ಬಿಡುವಿನ ಮೇಲೆ ನಿಂತಿತ್ತೆಂದರೆ ನಂಬುತ್ತೀರಾ? ಅಷ್ಟರಲ್ಲಿ ಹೆಚ್ಚಿನ ತಂತ್ರಾಂಶಗಳು ತಾವಾಗಿಯೇ ತಯಾರಾಗುವುದನ್ನು ಕಲಿತಿದ್ದವು ಎಂಬುದು ನಮ್ಮ ಪುಣ್ಯ.

ಪಟ್ಟಿಯಲ್ಲಿಲ್ಲದ್ದು ಒಲೆಯ ಮೇಲಿಲ್ಲ

ತಾನಾಗಿ ತಯಾರಾಗುವುದೆಂದರೆ ಹೇಗೆ? ಮದುವೆ ಅಡಿಗೆಯ ಭಟ್ಟರನ್ನು ನೆನೆಯಿರಿ. ಅಮ್ಮ ಮನೆಯಲ್ಲಿ ಸಾರು ಮಾಡುವಾಗ ಪಟ್ಟಿ ಬೇಕಿಲ್ಲ. ಇಂಗಿನ ಡಬ್ಬಿ ಎಲ್ಲಿದೆಯೆಂದು ಕೈಗೇ ಗೊತ್ತು. ಅದೇ ಭಟ್ಟರು ಖಾಲಿ ಛತ್ರಕ್ಕೆ ಬರುವವರು. ಸಾಮಾನಿನ ಪಟ್ಟಿಯಲ್ಲಿ ಇಂಗು ಬರೆಯಲು ಮರೆತರೆ ಅಂದಿನ ಸಾರಿಗೆ ಇಂಗಿಲ್ಲ.

ಪ್ರೋಗ್ರಾಂ ಬರೆದವನ ಕಂಪ್ಯೂಟರ್ ಅಮ್ಮನ ಅಡಿಗೆಮನೆಯ ಹಾಗೆ. ವರ್ಷಗಳಿಂದ ಅಲ್ಲಿ ಏನೇನೋ ಸೇರಿಕೊಂಡಿರುತ್ತದೆ. ‘ನನ್ನ ಕಂಪ್ಯೂಟರಿನಲ್ಲಿ ಓಡುತ್ತಿತ್ತು ಸಾರ್’ ಎಂದು ಪ್ರಾಜೆಕ್ಟ್ ಪರೀಕ್ಷೆಯ ದಿನ ಹುಡುಗರು ಕಣ್ಣೀರಿಡುವುದು ಇದೇ ಕಾರಣಕ್ಕೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ.

ಇಲ್ಲಿಗೆ ಬೇಕಾದ ಖಾಲಿ ಛತ್ರವೇ ವರ್ಚುವಲ್ ಮೆಷೀನ್, ಮಿಥ್ಯಾಯಂತ್ರ ಎನ್ನೋಣ. ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರಿನಂತೆ ನಟಿಸುವ ಪ್ರೋಗ್ರಾಂ ಅದು. ಹೊಸ ಸಂಗತಿಯೇನಲ್ಲ, ಐಬಿಎಂ 1972ರಲ್ಲೇ ತನ್ನ ದೊಡ್ಡ ಕಂಪ್ಯೂಟರುಗಳಿಗೆ ಇದನ್ನು ಒದಗಿಸಿತ್ತು. ಒಳಗಿನ ಯಂತ್ರದ ಇಡೀ ಡಿಸ್ಕ್ ಹೊರಗಿನ ಯಂತ್ರಕ್ಕೆ ಬರೀ ಒಂದು ದೊಡ್ಡ ಕಡತ. ಆದ್ದರಿಂದ ಅದರ ಪ್ರತಿ ಮಾಡಬಹುದು, ಕೆಲಸ ಮುಗಿದ ಮೇಲೆ ಎಸೆಯಬಹುದು, ನಾಳೆ ಮತ್ತೆ ಹೊಸ ಪ್ರತಿಯಿಂದ ಶುರು ಮಾಡಬಹುದು.

ಈಗ ನಡೆಯುವುದು ಹೀಗೆ. ಯಾರೋ ಮೂಲಪಾಠ ತಿದ್ದಿ ಕಳಿಸುತ್ತಾರೆ. ಒಡನೆ ವಿಂಡೋಸಿಗೊಂದು, ಲಿನಕ್ಸಿಗೊಂದು, ಮ್ಯಾಕಿಗೊಂದು ಮಿಥ್ಯಾಯಂತ್ರ ಕಣ್ಣು ಬಿಡುತ್ತವೆ. (ಮ್ಯಾಕಿನದು ಮಾತ್ರ ಆಪಲ್‌ನದೇ ಯಂತ್ರದ ಮೇಲೆ ಓಡಬೇಕು. ಕಂಪನಿಯ ಪರವಾನಗಿ ಅಷ್ಟು ಬಿಗಿ!) ಪಟ್ಟಿಯಲ್ಲಿದ್ದ ಸಾಮಾನು ತರಿಸಿ, ಕಂಪೈಲ್ ಮಾಡಿ, ಪರೀಕ್ಷೆಗೆ ಒಡ್ಡಿ, ಸಿದ್ಧ ಕಡತವನ್ನು ಹೊರಗಿಟ್ಟು ಆ ಯಂತ್ರಗಳು ಅಳಿದುಹೋಗುತ್ತವೆ. ಯಂತ್ರದ ಬಳಿ ಇಲ್ಲದ ಚಿಪ್ಪನ್ನು ಅನುಕರಿಸಲು ಫಾಬ್ರೀಸ್ ಬೆಲ್ಲಾರ್ 2003ರಲ್ಲಿ ಹೊರತಂದ ‘ಕ್ಯೂಇಎಂಯು’ ಇದೆ. ನಿಧಾನ, ಆದರೆ ಕೆಲಸ ಆಗುತ್ತದೆ.

ಹಳೆಯ ಯಂತ್ರವೇ ಬೇಕು

ಲಿನಕ್ಸಿನ ಕಡತ ತಯಾರಿಸುವವರು ಒಂದು ವಿಚಿತ್ರ ಉಪಾಯ ಹೂಡಿದ್ದಾರೆ. ಹೊಸ ಲಿನಕ್ಸಿನ ಮೇಲೆ ತಯಾರಿಸಿದ ಕಡತ ಹಳೆಯದರಲ್ಲಿ ಓಡದೆ ಹೋಗಬಹುದು, ಅದು ಕೇಳುವ ಹೊಸ ಸೌಕರ್ಯಗಳು ಅಲ್ಲಿರುವುದಿಲ್ಲ. ಹಳೆಯದರ ಮೇಲೆ ತಯಾರಿಸಿದ್ದು ಹೊಸದರಲ್ಲಿ ಸಾಮಾನ್ಯವಾಗಿ ಓಡುತ್ತದೆ. ಅಜ್ಜನ ಮಾತು ಮೊಮ್ಮಗನಿಗೆ ತಿಳಿಯುತ್ತದೆ, ಮೊಮ್ಮಗನ ಹೊಸ ಮಾತು ಅಜ್ಜನಿಗೆ ತಿಳಿಯುವುದಿಲ್ಲ. ಹಾಗಾಗಿ 2016ರಲ್ಲಿ ಪೈಥಾನ್ ಬಳಗ ನಿಯಮವೊಂದನ್ನು ಮಾಡಿಕೊಂಡಾಗ ಆಧಾರಕ್ಕೆ ಆರಿಸಿದ್ದು 2007ರ ‘ಸೆಂಟ್‌ಓಎಸ್ 5’ ಅನ್ನು! ಅಂಥ ಹಳೆಯ ವ್ಯವಸ್ಥೆಯನ್ನು ಯಾರ ಮೇಜಿನ ಮೇಲೂ ಇಟ್ಟುಕೊಳ್ಳಬೇಕಿಲ್ಲ. ಕಂಟೇನರ್ ಎಂಬ ಹಗುರ ಪೆಟ್ಟಿಗೆಯಲ್ಲಿ ಮಡಿಸಿಟ್ಟರೆ ಮಿಥ್ಯಾಯಂತ್ರದೊಳಗೆ ಬೇಕಾದಾಗ ಬಿಚ್ಚಿಕೊಳ್ಳಬಹುದು.

ಅಡಿಗೆಮನೆಗೇ ವಿಷ ಬಿದ್ದರೆ?

ಇಷ್ಟು ಸಲೀಸಾದ ಮೇಲೆ ಭಯ ಬೇರೆ ಕಡೆಯಿಂದ ಬಂತು. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣ ನೋಡಿ. ಆ ಅಮೆರಿಕನ್ ಕಂಪನಿಯ ‘ಒರಾಯನ್’ ತಂತ್ರಾಂಶದ ಮೂಲಪಾಠದಲ್ಲಿ ದೋಷವಿರಲಿಲ್ಲ. ಕಳ್ಳರು ಅದನ್ನು ತಯಾರಿಸುವ ಯಂತ್ರಕ್ಕೆ ನುಗ್ಗಿ ಹೊಂಚುಗಾರ ಪ್ರೋಗ್ರಾಂ ಒಂದನ್ನು ಕೂರಿಸಿದ್ದರು. ಕಂಪೈಲರ್ ಕೆಲಸ ಶುರು ಮಾಡಿದೊಡನೆ ಅದು ಒಂದು ಕಡತವನ್ನು ಬದಲಿಸುತ್ತಿತ್ತು, ಮುಗಿದೊಡನೆ ಹಳೆಯದನ್ನು ವಾಪಸಿಡುತ್ತಿತ್ತು. ವಿಷ ಬೆರೆತ ಪೊಟ್ಟಣದ ಮೇಲೆ ಕಂಪನಿಯದೇ ಅಸಲಿ ಮುದ್ರೆ! ಸುಮಾರು 18,000 ಗ್ರಾಹಕರಿಗೆ ಅದು ತಲುಪಿರಬಹುದೆಂದು ಕಂಪನಿಯೇ ಹೇಳಿತು. ಅಮೆರಿಕದ ಖಜಾನೆ ಇಲಾಖೆಯೂ ಅವರಲ್ಲಿ ಒಂದು.

ಪ್ರತಿ ಸಲ ಹೊಸ ಮಿಥ್ಯಾಯಂತ್ರ ಬಳಸಿದರೆ ಕಳ್ಳನಿಗೆ ಒಳಗೆ ಬಹುಕಾಲ ಅಡಗಿರಲು ಜಾಗ ಸಿಗದು, ನಿಜ. ಆದರೆ ಮೂಲ ಪ್ರತಿಯೇ ಕೆಟ್ಟಿದ್ದರೆ? ಕಂಪೈಲರನ್ನೇ ಕೆಡಿಸಬಹುದೆಂದು ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ 1984ರಲ್ಲೇ ಎಚ್ಚರಿಸಿದ್ದರು. ಇದಕ್ಕೆ ಸಿಕ್ಕ ಉತ್ತರ ಸೊಗಸಾಗಿದೆ. ಒಬ್ಬರಲ್ಲ, ಬೇರೆ ಬೇರೆ ಊರಿನ ಹಲವರು ತಂತಮ್ಮ ಕಂಪ್ಯೂಟರಿನಲ್ಲಿ ಒಂದೇ ಬಗೆಯ ಮಿಥ್ಯಾಯಂತ್ರ ಎಬ್ಬಿಸಿ ಅದೇ ಮೂಲಪಾಠವನ್ನು ಕಂಪೈಲ್ ಮಾಡುವುದು, ಆಮೇಲೆ ಕಡತಗಳ ಬೆರಳಚ್ಚು ಹೋಲಿಸುವುದು. ಬಿಟ್‌ಕಾಯಿನ್ ತಂತ್ರಾಂಶಕ್ಕಾಗಿ ಹುಟ್ಟಿದ ‘ಗಿಟಿಯನ್’ ಎಂಬ ಸಲಕರಣೆ ಮಾಡುತ್ತಿದ್ದುದು ಇದನ್ನೇ. 2013ರಲ್ಲಿ ಟಾರ್ ಬ್ರೌಸರ್‌ನವರೂ ಅದನ್ನು ಹಿಡಿದರು. ಕೇಳಲು ಸುಲಭ. ಆದರೆ ಕಂಪೈಲರುಗಳಿಗೆ ತಯಾರಿಕೆಯ ವೇಳೆಯನ್ನೂ ಫೋಲ್ಡರಿನ ಹೆಸರನ್ನೂ ಕಡತದೊಳಗೆ ಗೀಚುವ ಚಾಳಿ. ಒಂದು ಸೆಕೆಂಡು ಹೆಚ್ಚುಕಡಿಮೆಯಾದರೂ ಬೆರಳಚ್ಚು ಬೇರೆ. ಡೆಬಿಯನ್ ಲಿನಕ್ಸಿನ ಸ್ವಯಂಸೇವಕರು ಇಂಥ ಗೀಚುಗಳನ್ನು 2013ರಿಂದ ಒಂದೊಂದಾಗಿ ಹೆಕ್ಕುತ್ತಿದ್ದಾರೆ. ಹೆಸರು ತರುವ ಕೆಲಸವಲ್ಲ, ಆದರೂ ಬಿಟ್ಟಿಲ್ಲ.

ಮನೆಯ ಲ್ಯಾಪ್‌ಟಾಪಿನಲ್ಲಿ

ಇದಕ್ಕೆಲ್ಲ ದುಬಾರಿ ಯಂತ್ರ ಬೇಕೇ ಎಂದು ಪೋಷಕರು ಕೇಳಬಹುದು. ಬೇಕಿಲ್ಲ. ಮೂಲಪಾಠವನ್ನು ಎಲ್ಲರಿಗೂ ತೆರೆದಿಟ್ಟ ಯೋಜನೆಗಳಿಗೆ ಗಿಟ್‌ಹಬ್‌ನಂಥ ಸಂಸ್ಥೆಗಳು ಮೂರೂ ಬಗೆಯ ಮಿಥ್ಯಾಯಂತ್ರಗಳನ್ನು ಉಚಿತವಾಗಿ ಕೊಡುತ್ತವೆ. ಮ್ಯಾಕ್ ಕಂಡೇ ಇರದ ವಿದ್ಯಾರ್ಥಿಯೂ ಮ್ಯಾಕಿಗೆ ಕಡತ ತಯಾರಿಸಬಹುದು. ಮನೆಯಲ್ಲೇ ಮಾಡುವುದಾದರೆ ‘ವರ್ಚುವಲ್‌ಬಾಕ್ಸ್’ ಪುಕ್ಕಟೆ. 8 ಜಿಬಿ ಮೆಮೊರಿ ಇದ್ದರೆ ತೆವಳುತ್ತದೆ, 16 ಇದ್ದರೆ ನಡೆಯುತ್ತದೆ.

ವಿದ್ಯಾರ್ಥಿಗಳು ಇಷ್ಟು ಮಾಡಿ ನೋಡಿ. ಖಾಲಿ ಲಿನಕ್ಸಿನ ಮಿಥ್ಯಾಯಂತ್ರವೊಂದನ್ನು ಹೂಡಿ ಅದರ ಪ್ರತಿ ಇಟ್ಟುಕೊಳ್ಳಿ. ನಿಮ್ಮ ಪ್ರಾಜೆಕ್ಟನ್ನು ಅದರಲ್ಲಿ ಓಡಿಸಿ. ಮೊದಲ ಸಲ ಮುಗ್ಗರಿಸುತ್ತದೆ. ಏನು ಇರಲಿಲ್ಲವೋ ಅದನ್ನು ಪಟ್ಟಿಗೆ ಸೇರಿಸಿ, ಯಂತ್ರವನ್ನು ಅಳಿಸಿ, ಹೊಸ ಪ್ರತಿಯಿಂದ ಮತ್ತೆ ಶುರು ಮಾಡಿ. ಅಲ್ಲೇ ತೇಪೆ ಹಾಕಿ ಮುಂದುವರಿಯುವ ಆಸೆ ಬೇಡ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಅದು ಎಲ್ಲೂ ನಿಲ್ಲದೆ ಓಡುತ್ತದೆ. ಆ ಪಟ್ಟಿಯನ್ನು ಪ್ರಾಜೆಕ್ಟ್ ವರದಿಯ ಜೊತೆಗೇ ಲಗತ್ತಿಸಿ ಕೊಡಿ.