ಹೇಸರಗತ್ತೆಯ ಹೆಸರು ಹೊತ್ತ ಗುಡಿಗಳು

ಪಟ್ಟದಕಲ್ಲಿಗೆ ಬಂದವರು ವಿರೂಪಾಕ್ಷ ಗುಡಿ ನೋಡಿ, ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸಿನತ್ತ ಹೊರಟುಬಿಡುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ತುಸು ನಡೆದರೆ ಪಾಪನಾಥ ಗುಡಿ. ಈಚೆಗೆ ಅಲ್ಲಿ ಕತ್ತೆತ್ತಿ ನಿಂತಿದ್ದ ನನ್ನನ್ನು ಕಟ್ಟೆಯ ಮೇಲೆ ಕೂತಿದ್ದ ಊರ ಹಿರಿಯರೊಬ್ಬರು ಮಾತಾಡಿಸಿದರು.

“ಏನ್ ನೋಡಾಕತ್ತೀರಿ ಸಾಹೇಬ್ರ? ಇದು ಬೆರಕಿ ಗುಡಿ ಐತ್ರಿ. ತಲಿ ಆ ಕಡೀದು, ಮೈ ಈ ಕಡೀದು.”

“ಆ ಕಡಿ ಅಂದ್ರ ಯಾವ ಕಡಿ, ಅಜ್ಜಾರ?”

“ಕಾಶಿ ಕಡಿ.”

ದಪ್ಪ ದಪ್ಪ ಪುಸ್ತಕಗಳು ಅಧ್ಯಾಯಗಟ್ಟಲೆ ಹೇಳುವುದನ್ನು ಅಜ್ಜ ಒಂದು ಉಸಿರಿಗೆ ಮುಗಿಸಿದ್ದರು. ಗರ್ಭಗುಡಿಯ ಮೇಲಿರುವುದು ಬಾಗುತ್ತಾ ಏರುವ ಉತ್ತರದ ರೇಖಾನಾಗರ ಶಿಖರ. ಮಂಟಪದ ಮಾಳಿಗೆಯಂಚಿಗೆ ಸಾಲುಗಟ್ಟಿ ಕೂತಿರುವುದು ದಕ್ಷಿಣದ ಕೂಟ, ಶಾಲೆಗಳೆಂಬ ಪುಟ್ಟ ಗುಡಿಯಾಕಾರಗಳು. ಗೋಡೆಗೆ ಇಳಿದರೆ ಗೂಡುಗಳ ನೆತ್ತಿಯಲ್ಲಿ ಮತ್ತೆ ಉತ್ತರದ ಗವಾಕ್ಷಗಳ ಹೆಣಿಗೆ. ನಡುವೆ ರಾಮಾಯಣದ ಪಾತ್ರಗಳು, ಪಕ್ಕದಲ್ಲೇ ಅವರವರ ಹೆಸರು ಕೆತ್ತಿದ್ದಾರೆ. ಉದ್ದ ಮೈಗೆ ಶಿಖರ ಗಿಡ್ಡವಾಯಿತೆಂದು ಪಂಡಿತರು ಮೂಗು ಮುರಿಯುತ್ತಾರೆ. ನನಗಂತೂ ಆ ಗಿಡ್ಡತನವೇ ಇಷ್ಟ. ಇಲ್ಲಿನ ಶಾಸನದಲ್ಲಿ ಹೆಸರಿರುವ ಶಿಲ್ಪಿ ರೇವಡಿ ಓವಜ್ಜನಿಗೆ ಸರ್ವಸಿದ್ಧಿ ಆಚಾರಿಯ ನಂಟು. ಆ ಸರ್ವಸಿದ್ಧಿಯನ್ನು ವಿರೂಪಾಕ್ಷ ಗುಡಿಯ ಶಾಸನ ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಹೊಗಳುತ್ತದೆ. ತೆಂಕಣದವರ ಬಳಗ ಬಡಗಣ ಶಿಖರ ಎತ್ತಿದ ಬೆರಕೆ ಇದು.

ಅಂದಹಾಗೆ, ಈ ಸೀಮೆಯಲ್ಲಿ ಚಾಣಾಕ್ಷನಿಗೂ ‘ಬೆರಕಿ’ ಎನ್ನುತ್ತಾರೆ. ಪಾಪನಾಥಕ್ಕೆ ಎರಡೂ ಅರ್ಥ ಒಪ್ಪುತ್ತದೆ.

ಪಠ್ಯಪುಸ್ತಕದ ಮಾತು ಬೇರೆ. ನಾಗರ, ದ್ರಾವಿಡ, ಎರಡೂ ಬೆರೆತರೆ ವೇಸರ ಎಂದು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಆದರೆ ವೇಸರ ಎಂದರೆ ಸಂಸ್ಕೃತದಲ್ಲಿ ಕುದುರೆಗೂ ಕತ್ತೆಗೂ ಹುಟ್ಟಿದ ಪ್ರಾಣಿ. ನಮ್ಮ ಹೇಸರಗತ್ತೆಯ ಹೇಸರವೂ ಈ ವೇಸರವೂ ಒಂದೇ ಬಳ್ಳಿಯವೆಂದು ನನ್ನ ನಂಬಿಕೆ. ಒಂದಕ್ಕೆ ನಗರದ ಠೀವಿ, ಇನ್ನೊಂದಕ್ಕೆ ನಾಡಿನ ಹೆಸರು, ನಮ್ಮ ಪಾಲಿಗೆ ಹೇಸರಗತ್ತೆ! ಈ ಮುಜುಗರ ತಪ್ಪಿಸಲು ಕೆಲವರು, ಅಂಚಿಲ್ಲದ್ದು ಎಂಬರ್ಥದ ‘ವ್ಯಸ್ರ’ದಿಂದ ಈ ಪದ ಬಂತು ಎನ್ನುತ್ತಾರೆ. ಅದರಲ್ಲೂ ಹುರುಳಿದೆ, ದಕ್ಷಿಣದ ಶಿಲ್ಪಶಾಸ್ತ್ರಗಳಲ್ಲಿ ಚೌಕ ನಾಗರ, ಎಂಟು ಮೂಲೆಯದು ದ್ರಾವಿಡ, ದುಂಡಗಿನದು ವೇಸರ. ಅಲ್ಲಿ ಲೆಕ್ಕ ಆಕಾರದ್ದು, ಬೆರಕೆಯದಲ್ಲ. ಆದರೂ ನಾನು ಹೇಸರಗತ್ತೆಯ ಪಕ್ಷ. ಬೆಟ್ಟದ ದಾರಿಯಲ್ಲಿ ಹೊರೆ ಹೊರುವುದಕ್ಕೆ ಕುದುರೆಗಿಂತ ಅದೇ ಗಟ್ಟಿ. ಒಂದೇ ತಕರಾರು: ಹೇಸರಗತ್ತೆಗೆ ಮರಿಯಾಗುವುದಿಲ್ಲ. ಈ ಬೆರಕೆಗಾದರೋ ಲಕ್ಕುಂಡಿ, 1112ರ ಇಟಗಿಯ ಮಹಾದೇವ, 1117ರ ಬೇಲೂರು, ಹೀಗೆ ಮಕ್ಕಳು ಮೊಮ್ಮಕ್ಕಳು.

ಕಲ್ಲುಕುಟಿಗರಿಗೆ ಆ ಪದದ ಬಗ್ಗೆ ನಾಚಿಕೆಯಿದ್ದಂತಿಲ್ಲ. ಹೊಳಲಿನ ಅಮೃತೇಶ್ವರ ಗುಡಿಯ ಕಂಬದ ಶಾಸನ ಬಮ್ಮೋಜನೆಂಬ ಶಿಲ್ಪಿಯನ್ನು ಕೊಂಡಾಡುತ್ತಾ ನಾಗರ, ಕಳಿಂಗ, ದ್ರಾವಿಡಗಳ ಸಾಲಿನಲ್ಲೇ ವೇಸರವನ್ನೂ ಕೂರಿಸುತ್ತದೆ. ಕರ್ನಾಟಕದ ಶಾಸನಗಳಲ್ಲಿನ ಇಂಥ ಹೆಸರುಗಳನ್ನು ಗುಡಿಗಳ ಜೊತೆಗಿಟ್ಟು ನೋಡಿದವರು ಎಂ.ಎ. ಢಾಕಿ, 1977ರಲ್ಲಿ. ಆ್ಯಡಂ ಹಾರ್ಡಿ 1995ರ ತಮ್ಮ ಪುಸ್ತಕದಲ್ಲಿ ಈ ಪರಂಪರೆಯನ್ನು ‘ಕರ್ಣಾಟ ದ್ರಾವಿಡ’ ಎಂದು ಕರೆದರು. ಮರ್ಯಾದೆಯ ಹೆಸರೇನೋ ಹೌದು, ಕಾಲು ಝಾಡಿಸುವ ಗುಣ ಹೋಯಿತು.

1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ಪಟ್ಟದಕಲ್ಲಿಗೆ ಸಿಕ್ಕ ಹೊಗಳಿಕೆಯೂ ಉತ್ತರ ದಕ್ಷಿಣಗಳ ಹದವಾದ ಬೆರಕೆಗೇ. ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ, ಕಾಶಿವಿಶ್ವನಾಥಗಳ ಶಿಖರ ನಾಗರ. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನಗಳದು ದ್ರಾವಿಡ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷದಲ್ಲಿ ಕಂಚಿಯ ಛಾಯೆ ಎದ್ದು ಕಾಣುತ್ತದೆ. ಇವೆಲ್ಲ ಒಂದೇ ಅಂಗಳದ ನೆರೆಹೊರೆ. ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬಶಾಸನವೂ ಹಾಗೆಯೇ: ಒಂದೇ ಸಂಸ್ಕೃತ ಪಾಠವನ್ನು ಉತ್ತರದ ಲಿಪಿಯಲ್ಲೊಮ್ಮೆ, ನಮ್ಮ ಲಿಪಿಯಲ್ಲೊಮ್ಮೆ ಬರೆಸಿದ್ದಾರೆ. ಅಕ್ಷರ ಬೆರೆಸಿಲ್ಲ. ಅತ್ತ ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮಾತ್ರ ದುರ್ಗ ಗುಡಿಯವರು ಗಜಪೃಷ್ಠದ ದುಂಡು ಬೆನ್ನಿನ ಮೇಲೆ ನಾಗರ ಶಿಖರ ಕೂರಿಸಿ ಕೈ ನೋಡಿದ್ದರು.

ಬೆರೆಸುವುದು ಬೇರೆ, ಜೋಡಿಸುವುದು ಬೇರೆ. ಇದನ್ನು ಇಳಕಲ್ಲಿನ ನೇಕಾರರು ಬಲ್ಲರು. ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಹತ್ತಿ ಹತ್ತಿಯಾಗಿಯೇ ಉಳಿಯುತ್ತದೆ, ರೇಷ್ಮೆ ರೇಷ್ಮೆಯಾಗಿ. ಪಟ್ಟದಕಲ್ಲಿನ ಅಂಗಳದಲ್ಲಿರುವುದು ಬಹುಪಾಲು ಇಂಥ ಕೊಂಡಿಯ ಕೆಲಸ. ಅದನ್ನೆಲ್ಲ ಒಟ್ಟಾಗಿ ವೇಸರ ಎಂದು ಬೋರ್ಡು ಬರೆಯುವುದು ಸೋಮಾರಿತನ. ಆ ಹೆಸರು ಇಲ್ಲಿ ಯಾರಿಗಾದರೂ ಸಲ್ಲುವುದಿದ್ದರೆ ಅದು ಪಾಪನಾಥನಿಗೆ. ಮುಂದಿನ ಸಲ ಬಾದಾಮಿ ಕಡೆ ಹೋದವರು, ವಿರೂಪಾಕ್ಷನ ಪಾಲಿನ ಹೊತ್ತಿನಲ್ಲಿ ಅರ್ಧ ಗಂಟೆ ಕಡಿದು ಅವನಿಗೆ ಕೊಡಿ.