ಹತ್ತು ಹನಿ ಎಣ್ಣೆ, ರಾತ್ರಿಯ ನಿದ್ದೆ, ಹಗಲಿನ ತೂಕಡಿಕೆ

ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಊರೆಲ್ಲ ಅವರನ್ನು ಮಾಮಾ ಎಂದೇ ಕರೆಯುತ್ತದೆ. ಸೊಲ್ಲಾಪುರದಲ್ಲಿ ಚಾದರ ನೇಯುವ ಮಗ್ಗದ ಮುಂದೆ ಬಹಳ ವರ್ಷ ರಾತ್ರಿ ಪಾಳಿ ಮಾಡಿ, ಈಗ ಊರಲ್ಲಿ ಎರಡು ಎಕರೆ ತೊಗರಿ ನೋಡಿಕೊಂಡಿದ್ದಾರೆ. ಮಗ್ಗವನ್ನು ಅವರು ಬಿಟ್ಟರು, ರಾತ್ರಿಯ ಎಚ್ಚರ ಅವರನ್ನು ಬಿಡಲಿಲ್ಲ. ಹೋದ ವರ್ಷ ಪುಣೆಯಲ್ಲಿರುವ ಅಳಿಯ ಹಬ್ಬಕ್ಕೆ ಬಂದಾಗ ಬೆರಳುದ್ದದ ಒಂದು ಕರಿ ಸೀಸೆಯನ್ನು ಕೈಗಿಟ್ಟ. “ನಾಲಿಗಿ ಕೆಳಗ ಹತ್ತು ಹನಿ ಬಿಟ್ಕೊಳ್ರಿ ಮಾಮಾ, ಕೂಸಿನಂಗ ನಿದ್ದಿ ಹತ್ತತದ” ಎಂದ.

ಹತ್ತಿತು. ಮೊದಲ ವಾರ ಮಾಮಾ ಓಣಿಗೆಲ್ಲ ಆ ಸೀಸೆಯ ಗುಣಗಾನ ಮಾಡಿದರು. ಎರಡನೆಯ ವಾರ ಹತ್ತು ಹನಿ ಇಪ್ಪತ್ತಾಯಿತು. ಒಂದು ಮಧ್ಯಾಹ್ನ ಅಕ್ಕಲಕೋಟೆಯಿಂದ ಗಾಡಿ ಮೇಲೆ ಬರುವಾಗ, ನೆಟ್ಟಗಿದ್ದ ರಸ್ತೆಯಲ್ಲೇ ಬದಿಯ ತಗ್ಗಿಗೆ ಇಳಿದುಬಿಟ್ಟರು. ಮೊಣಕೈ ಮುರಿಯಿತು. “ಎದುರಿಗಿ ಯಾರೂ ಇರಲಿಲ್ಲ ತಂಗಿ. ಕಣ್ಣು ಮುಚ್ಚಿದ್ದು ನನಗ ಗೊತ್ತೇ ಆಗಲಿಲ್ಲ” ಎಂದು ಆಸ್ಪತ್ರೆಯ ಮಂಚದ ಮೇಲೆ ಹೇಳಿದರು.

ಆ ಸೀಸೆಯ ಮೇಲೆ ಎರಡು ಹೆಸರಿದ್ದವು. ಒಂದು ವಿಜಯಾ, ಇನ್ನೊಂದು ಸಿಬಿಡಿ. ಇಂಥ ಸೀಸೆಗಳು ಈಗ ಮೊಬೈಲಿನಲ್ಲಿ ಒತ್ತಿದರೆ ಮನೆ ಬಾಗಿಲಿಗೆ ಬರುತ್ತವೆ. ಗಡಿಯ ಈಚೆಗೂ ಬರುತ್ತವೆ, ಆಚೆಗೂ ಬರುತ್ತವೆ. ಅದಕ್ಕೇ ಈ ಹೊತ್ತು ಆ ಎಣ್ಣೆ ನಿದ್ದೆಗೆ ಏನು ಮಾಡುತ್ತದೆ, ಹಗಲಿನ ಎಚ್ಚರಕ್ಕೆ ಏನು ಮಾಡುತ್ತದೆ ಎಂಬುದನ್ನು ಮಾತಾಡೋಣ.

ವಿಜಯಾ ಎಂದರೆ ಬೇರೇನಲ್ಲ, ನಮ್ಮ ಹಿರಿಯರು ಭಂಗಿ ಎಂದು ಕರೆದ ಗಿಡ. ಮರಾಠಿಯಲ್ಲಿ ಭಾಂಗ, ತೆಲುಗಿನಲ್ಲಿ ಗಂಜಾಯಿ, ತಮಿಳಿನಲ್ಲಿ ಕಂಜಾ. ಎರಡು ಭಾಷೆ ಬಲ್ಲ ನಮಗೆ ಒಂದೇ ಗಿಡಕ್ಕೆ ಎರಡು ಹೆಸರಿರುವುದು ಹೊಸದಲ್ಲ. ಹೊಸದು ಏನೆಂದರೆ, ಈ ಗಿಡದೊಳಗೆ ನೂರಕ್ಕೂ ಹೆಚ್ಚು ಬಗೆಯ ತನ್ನದೇ ಸತ್ವಗಳಿವೆ ಎಂಬ ತಿಳಿವಳಿಕೆ. ಅವುಗಳಲ್ಲಿ ಎರಡು ಮುಖ್ಯ. ಒಂದು ಟಿಎಚ್‌ಸಿ. ಅಮಲು ಏರಿಸುವುದು, ತಲೆ ತಿರುಗಿಸುವುದು, ಸುಮ್ಮನೆ ನಗಿಸುವುದು ಇದೇ. ಇನ್ನೊಂದು ಸಿಬಿಡಿ, ಪೂರ್ತಿ ಹೆಸರು ಕ್ಯಾನಬಿಡಯಾಲ್. ಇದಕ್ಕೆ ಅಮಲಿಲ್ಲ. ಇಸ್ರೇಲಿನ ರಫಾಯೆಲ್ ಮೆಕೋಲಂ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ಜೊತೆಗಾರರು 1963ರಲ್ಲಿ ಸಿಬಿಡಿಯ ರಚನೆಯನ್ನು, 1964ರಲ್ಲಿ ಟಿಎಚ್‌ಸಿಯ ರಚನೆಯನ್ನು ಬಿಡಿಸಿ ತೋರಿಸಿದರು. ಅದಕ್ಕೆ ಬೇಕಾದ ಐದು ಕಿಲೋ ಚರಸ್ಸನ್ನು ಅವರು ಪೊಲೀಸರಿಂದಲೇ ಕೇಳಿ ಪಡೆದು, ಚೀಲದಲ್ಲಿಟ್ಟುಕೊಂಡು ಊರ ಬಸ್ಸಿನಲ್ಲಿ ತಂದಿದ್ದರಂತೆ. ಬಸ್ಸಿನಲ್ಲಿದ್ದವರು ಇದೇನು ವಾಸನೆ ಎಂದು ಮೂಗು ಅರಳಿಸಿದ್ದನ್ನು ಆಮೇಲೆ ಅವರೇ ನಗುತ್ತ ಹೇಳುತ್ತಿದ್ದರು.

ಇನ್ನು ನಿದ್ದೆಯ ಮಾತು. ಸಿಬಿಡಿಯಿಂದ ನಿದ್ದೆ ಬರುತ್ತದೆ ಎಂಬ ಮಾತಿಗೆ ಮೂಲವಿಲ್ಲದೆ ಇಲ್ಲ. ಬ್ರೆಜಿಲ್ ದೇಶದ ಕಾರ್ಲಿನಿ ಮತ್ತು ಕುನ್ಹಾ 1981ರಲ್ಲಿ, ನಿದ್ದೆ ಬಾರದ 15 ಜನರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ನೋಡಿದರು. 160 ಮಿಲಿಗ್ರಾಂ ತೆಗೆದುಕೊಂಡ ರಾತ್ರಿ ಹೆಚ್ಚು ಹೊತ್ತು ನಿದ್ದೆ ಬಂತು ಎಂದು ಅವರು ಹೇಳಿದರು. ಕನಸುಗಳ ನೆನಪು ಕಡಿಮೆಯಾಗಿತ್ತು. ಅದೇ ಬ್ರೆಜಿಲ್‌ನಿಂದ 2018ರಲ್ಲಿ ಬಂದ ವರದಿ ಬೇರೆಯೇ ಮಾತು ಹೇಳಿತು. ಆರೋಗ್ಯವಂತರಾದ 27 ಜನರಿಗೆ ಮಲಗುವ ಮುನ್ನ 300 ಮಿಲಿಗ್ರಾಂ ಕೊಟ್ಟು, ತಲೆಗೆ ತಂತಿ ಅಂಟಿಸಿ ರಾತ್ರಿಯೆಲ್ಲ ನಿದ್ದೆಯನ್ನು ಅಳೆದರು. ಬರಿಯ ಹುಸಿಮದ್ದು ಕೊಟ್ಟ ರಾತ್ರಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ 2004ರಲ್ಲಿ ನಡೆದ ಒಂದು ಸಣ್ಣ ಪರೀಕ್ಷೆ ಇನ್ನೂ ಸ್ವಾರಸ್ಯವಾಗಿದೆ. ಎಂಟು ಜನ ತರುಣ ತರುಣಿಯರಿಗೆ ರಾತ್ರಿ 15 ಮಿಲಿಗ್ರಾಂ ಟಿಎಚ್‌ಸಿ ಮಾತ್ರ ಕೊಟ್ಟಾಗ ಮರುದಿನ ಬೆಳಗ್ಗೆ ಜೋಂಪು ಉಳಿಯಿತು, ನೆನಪು ಮಸುಕಾಯಿತು. ಅಷ್ಟೇ ಟಿಎಚ್‌ಸಿಗೆ ಅಷ್ಟೇ ಸಿಬಿಡಿ ಬೆರೆಸಿ ಕೊಟ್ಟಾಗ ರಾತ್ರಿ ಎಚ್ಚರ ಹೆಚ್ಚಾಯಿತು! ಅಂದರೆ ಸಣ್ಣ ಪ್ರಮಾಣದಲ್ಲಿ ಸಿಬಿಡಿ ನಿದ್ದೆ ತರುವ ಬದಲು ಎಚ್ಚರಿಸುವ ಕಡೆಗೇ ವಾಲುತ್ತದೆಯೋ ಏನೋ ಎಂಬ ಗುಮಾನಿ ಹುಟ್ಟಿತು.

ಈಗ ಮಾಮಾ ಅವರ ಸೀಸೆಯ ಲೆಕ್ಕ ಮಾಡೋಣ. ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕ. ಸೀಸೆಯಲ್ಲಿ 30 ಮಿಲಿಲೀಟರ್ ಎಣ್ಣೆ, ಅದರಲ್ಲಿ 1000 ಮಿಲಿಗ್ರಾಂ ಸಿಬಿಡಿ ಎಂದು ಬರೆದಿತ್ತು. ಒಂದು ಮಿಲಿಲೀಟರಿಗೆ ಸುಮಾರು 33. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ಹತ್ತು ಹನಿಗೆ 17 ಮಿಲಿಗ್ರಾಂ. ಬ್ರೆಜಿಲ್ಲಿನವರ 160 ಮಿಲಿಗ್ರಾಂ ಮುಟ್ಟಬೇಕಾದರೆ ಮಾಮಾ ಪ್ರತಿ ರಾತ್ರಿ ನೂರು ಹನಿ ಬಿಟ್ಟುಕೊಳ್ಳಬೇಕು, ಸೀಸೆ ಒಂದೇ ವಾರಕ್ಕೆ ಮುಗಿಯಬೇಕು.

ಹಾಗಾದರೆ ಹತ್ತು ಹನಿಗೇ ಮಾಮಾಗೆ ಹತ್ತಿದ ನಿದ್ದೆ ಯಾರದು? ಸಿಬಿಡಿಯದೇ ಎಂದು ಹೇಳುವ ಮುನ್ನ ಅದರ ಜೊತೆಗಾರರನ್ನು ವಿಚಾರಿಸಬೇಕು. ನಾನು ಈ ಹೊತ್ತು ಹೇಳಬೇಕೆಂದಿರುವುದು ಅವರ ಕತೆಯನ್ನೇ.

ಮೊದಲನೆಯ ಜೊತೆಗಾರ ಮನಸ್ಸು. ಬೆಲೆಯುಳ್ಳ ಮದ್ದು, ಪ್ರೀತಿಯ ಅಳಿಯ ತಂದದ್ದು, ದೀಪ ಆರಿಸಿ ಹೊತ್ತಿಗೆ ಸರಿಯಾಗಿ ಹನಿ ಎಣಿಸಿ ಮಲಗುವ ಶಿಸ್ತು. ಇವು ನಿದ್ದೆಗೆ ಒಳ್ಳೆಯವೇ. ಅಮೆರಿಕದ ಕೊಲರಾಡೊದ ಒಂದು ಮನೋರೋಗ ಚಿಕಿತ್ಸಾಲಯದವರು 2019ರಲ್ಲಿ 72 ಜನರ ಲೆಕ್ಕ ಪ್ರಕಟಿಸಿದರು. ಹೆಚ್ಚಿನವರಿಗೆ ದಿನಕ್ಕೆ 25 ಮಿಲಿಗ್ರಾಂ ಸಿಬಿಡಿ. ಮೊದಲ ತಿಂಗಳಲ್ಲಿ ಮೂವರಲ್ಲಿ ಇಬ್ಬರಿಗೆ ನಿದ್ದೆ ಸುಧಾರಿಸಿತು, ಆದರೆ ಆಮೇಲಿನ ತಿಂಗಳುಗಳಲ್ಲಿ ಏರುಪೇರಾಯಿತು. ಆತಂಕ ಇಳಿದದ್ದು ಮಾತ್ರ ಹೆಚ್ಚಿನವರಲ್ಲಿ ಉಳಿದುಕೊಂಡಿತು. ಅಲ್ಲಿ ಹೋಲಿಸಿ ನೋಡಲು ಹುಸಿಮದ್ದಿನ ಗುಂಪು ಇರಲಿಲ್ಲ. ಆದ್ದರಿಂದ ಎಷ್ಟು ಎಣ್ಣೆಯದು, ಎಷ್ಟು ನಂಬಿಕೆಯದು ಎಂದು ಬೇರ್ಪಡಿಸುವಂತಿಲ್ಲ. ಸಾಲದ ಚಿಂತೆ, ಮಗಳ ಮದುವೆಯ ಚಿಂತೆಯಿಂದ ನಿದ್ದೆಗೆಟ್ಟವರಿಗೆ ಚಿಂತೆ ಸ್ವಲ್ಪ ಸಡಿಲವಾದರೆ ನಿದ್ದೆ ತಾನೇ ಬರುತ್ತದೆ ಎಂಬುದು ನಮಗೆ ಗೊತ್ತಿರುವುದೇ.

ಎರಡನೆಯ ಜೊತೆಗಾರ ಅದೇ ಗಿಡದ ಟಿಎಚ್‌ಸಿ. ಸೀಸೆಯ ಮೇಲೆ ಸಿಬಿಡಿ ಎಂದು ದೊಡ್ಡಕ್ಷರದಲ್ಲಿ ಬರೆದ ಮಾತ್ರಕ್ಕೆ ಒಳಗೆ ಅದೊಂದೇ ಇದೆ ಎಂದಲ್ಲ. ಅಮೆರಿಕದಲ್ಲಿ ಅಂತರ್ಜಾಲದ ಅಂಗಡಿಗಳಿಂದ 84 ಬಗೆಯ ಸಿಬಿಡಿ ಸರಕು ತರಿಸಿ ಪರೀಕ್ಷಿಸಿದವರು 2017ರಲ್ಲಿ ಹೇಳಿದ್ದು ಇದು: ಚೀಟಿಯಲ್ಲಿ ಬರೆದಷ್ಟೇ ಸಿಬಿಡಿ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ನಮ್ಮ ವಿಜಯಾ ಎಣ್ಣೆಗಳಲ್ಲಿ ಹಲವು ಇಡೀ ಎಲೆಯ ಸಾರದಿಂದ ಮಾಡಿದವು. ಅಂಥವುಗಳಲ್ಲಿ ಟಿಎಚ್‌ಸಿಯೂ ಇರುತ್ತದೆ, ಕೆಲವದರ ಚೀಟಿಯಲ್ಲಿ ಅದನ್ನು ಸಣ್ಣಕ್ಷರದಲ್ಲಿ ಹೇಳಿಯೂ ಇರುತ್ತಾರೆ. ಮಾಮಾ ಅವರ ಸೀಸೆಯ ಮೇಲೂ ಇತ್ತು, ನನ್ನ ಕನ್ನಡಕ ಸಾಲದೆ ಭೂತಗನ್ನಡಿ ತರಿಸಬೇಕಾಯಿತು.

ಗಾಡಿ ಓಡಿಸುವವರು ಇದನ್ನು ಗಮನಿಸಬೇಕು. ಹಾಲೆಂಡಿನಲ್ಲಿ 26 ಜನರಿಗೆ ಭಂಗಿಯ ಆವಿ ಎಳೆಯಲು ಕೊಟ್ಟು, ನಿಜವಾದ ಹೆದ್ದಾರಿಯಲ್ಲಿ ಕಾರು ಓಡಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಿಬಿಡಿ ಹೆಚ್ಚಿದ್ದುದನ್ನು ಎಳೆದವರ ಕಾರು ನೇರವಾಗಿಯೇ ಓಡಿತು. ಟಿಎಚ್‌ಸಿ ಎಳೆದವರ ಕಾರು ಅತ್ತಿತ್ತ ತೂಗಿತು. ಎರಡನ್ನೂ ಸಮನಾಗಿ ಬೆರೆಸಿ ಎಳೆದವರದೂ ತೂಗಿತು. ಸಿಬಿಡಿ ಜೊತೆಗಿದ್ದರೆ ಟಿಎಚ್‌ಸಿಯ ಕಾಟ ತಪ್ಪುತ್ತದೆ ಎನ್ನುವವರಿದ್ದಾರೆ, ರಸ್ತೆಯ ಮೇಲೆ ಆ ಮಾತು ನಿಲ್ಲಲಿಲ್ಲ. ಆಸ್ಟ್ರೇಲಿಯಾದಲ್ಲಿ 17 ಜನರಿಗೆ ಒಂದೇ ಸಲ 1500 ಮಿಲಿಗ್ರಾಂವರೆಗೆ ಬರಿಯ ಸಿಬಿಡಿ ಕೊಟ್ಟು, ಯಂತ್ರದ ಮುಂದೆ ಕೂರಿಸಿ ಕಾರು ಓಡಿಸುವ ಆಟ ಆಡಿಸಿದರು. 2022ರಲ್ಲಿ ಬಂದ ಆ ವರದಿಯಲ್ಲೂ ಓಡಿಸುವ ಕೈ ಕೆಡಲಿಲ್ಲ.

ಹಾಗಾದರೆ ಸಿಬಿಡಿಯಿಂದ ತೂಕಡಿಕೆಯೇ ಇಲ್ಲವೆ? ಇದೆ. ಅದನ್ನು ತಿಳಿಯಲು ಮೂರನೆಯ ಜೊತೆಗಾರನನ್ನು ನೋಡಬೇಕು. ಅದು ನಾವು ಮೊದಲೇ ನುಂಗುತ್ತಿರುವ ಮಾತ್ರೆ.

ಶುದ್ಧ ಸಿಬಿಡಿಯಿಂದ ಮಾಡಿದ ಎಪಿಡಿಯೊಲೆಕ್ಸ್ ಎಂಬ ಔಷಧಿಗೆ ಅಮೆರಿಕ ಸರ್ಕಾರ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ನಿದ್ದೆಗಲ್ಲ, ಬೇರೆ ಮಾತ್ರೆಗಳಿಗೆ ಬಗ್ಗದ ಎರಡು ಬಗೆಯ ಕಠಿಣ ಮೂರ್ಛೆರೋಗಕ್ಕೆ. ಪ್ರಮಾಣವೂ ನಮ್ಮ ಹನಿಗಳ ಲೆಕ್ಕದ್ದಲ್ಲ. ದೇಹದ ತೂಕದ ಕಿಲೋಗೆ ದಿನಕ್ಕೆ 20 ಮಿಲಿಗ್ರಾಂವರೆಗೆ ಏರಿಸಬಹುದು. 20 ಕಿಲೋ ತೂಗುವ ಮಗುವಿಗೆ 400 ಮಿಲಿಗ್ರಾಂ ಆಯಿತು. ಈ ರೋಗಿಗಳ ಪರೀಕ್ಷೆಯಲ್ಲಿ ಹುಸಿಮದ್ದು ಕುಡಿದವರಲ್ಲಿ ನೂರಕ್ಕೆ 11 ಜನ ತೂಕಡಿಸಿದರೆ, ಸಿಬಿಡಿ ಕುಡಿದವರಲ್ಲಿ 32 ಜನ ತೂಕಡಿಸಿದರು. ಆದರೆ ಆ 32ನ್ನು ಬಿಡಿಸಿ ನೋಡಿ. ಕ್ಲೋಬಾಜಾಮ್ ಎಂಬ ಮೂರ್ಛೆಯ ಮಾತ್ರೆಯನ್ನೂ ಜೊತೆಗೆ ನುಂಗುತ್ತಿದ್ದವರಲ್ಲಿ ಅದು ನೂರಕ್ಕೆ 46. ಆ ಮಾತ್ರೆ ಇಲ್ಲದವರಲ್ಲಿ 16 ಮಾತ್ರ.

ಯಾಕೆ ಹೀಗೆ? ನಮ್ಮ ಗಡಿಯ ನಾಕಾ ನೆನಪಿಸಿಕೊಳ್ಳಿ. ಕಾಗದ ನೋಡಿ ಮುದ್ರೆ ಒತ್ತುವ ಗುಮಾಸ್ತ ಒಬ್ಬನೇ, ಲಾರಿಗಳು ಎರಡು ಕಡೆಯಿಂದ. ಲಿವರಿನಲ್ಲಿ ಔಷಧಿಗಳನ್ನು ಒಡೆದು ಹೊರಗೆ ಕಳಿಸುವ ಕಿಣ್ವಗಳು ಇಂಥ ಗುಮಾಸ್ತರೇ. ಸಿಬಿಡಿ ಅವರಲ್ಲಿ ಒಬ್ಬನ ಕೈ ಹಿಡಿದು ಕೂತುಬಿಡುತ್ತದೆ. ಆಗ ಕ್ಲೋಬಾಜಾಮ್ ಒಡೆದು ಹುಟ್ಟಿದ ಮಂಪರಿನ ಪದಾರ್ಥ ಹೊರಗೆ ಹೋಗಲಾರದೆ ರಕ್ತದಲ್ಲಿ ಸುಮಾರು ಮೂರು ಪಟ್ಟು ಏರುತ್ತದೆ. ರೋಗಿ ನುಂಗಿದ್ದು ಒಂದೇ ಮಾತ್ರೆ, ದೇಹಕ್ಕೆ ಅನಿಸುವುದು ಮೂರು ನುಂಗಿದ ಹಾಗೆ. ನಿದ್ದೆಯ ಗುಳಿಗೆ, ಆತಂಕದ ಗುಳಿಗೆ, ಸಾರಾಯಿ ಇವು ಜೊತೆಗಿದ್ದರೂ ಮಂಪರಿನ ಮೇಲೆ ಮಂಪರು ಕೂಡಿಕೊಳ್ಳುತ್ತದೆ. ವ್ಯಾಲ್‌ಪ್ರೊಯೇಟ್ ಎಂಬ ಮೂರ್ಛೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಸಿಬಿಡಿ ಸೇರಿದರೆ ಲಿವರಿಗೇ ಪೆಟ್ಟಾಗಬಹುದು, ಅವರಿಗೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕಾಗುತ್ತದೆ.

ಊಟದ ಸಂಗತಿಯೂ ಸಣ್ಣದಲ್ಲ. ಸಿಬಿಡಿ ಜಿಡ್ಡಿನಲ್ಲಿ ಕರಗುವ ಪದಾರ್ಥ. ಬರಿಹೊಟ್ಟೆಗಿಂತ ಜಿಡ್ಡಿನ ಊಟದ ಜೊತೆ ಕೊಟ್ಟಾಗ ರಕ್ತಕ್ಕೆ ಸೇರುವುದು ನಾಲ್ಕು ಪಟ್ಟು ಎಂದು ಎಪಿಡಿಯೊಲೆಕ್ಸ್ ಪರೀಕ್ಷೆಗಳಲ್ಲಿ ಕಂಡಿದೆ. ಜೋಳದ ರೊಟ್ಟಿ ಉಂಡ ರಾತ್ರಿಯ ಹನಿಗೂ ಹೋಳಿಗೆ ತುಪ್ಪ ಉಂಡ ರಾತ್ರಿಯ ಹನಿಗೂ ಅಷ್ಟು ಅಂತರ ಬೀಳಬಹುದು. ಮೇಲಾಗಿ ದಿನಾ ತೆಗೆದುಕೊಂಡರೆ ಅದು ಬೇಗ ಹೋಗುವುದಿಲ್ಲ. ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಸುಮಾರು ಎರಡೂವರೆ ದಿನ ಬೇಕು. ಎರಡನೆಯ ವಾರದ ತೂಕಡಿಕೆ ಮೊದಲ ದಿನ ಕಾಣದಿರುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಇನ್ನೊಂದು ಮಾತು. ರಾತ್ರಿಯೆಲ್ಲ ಗೊರಕೆ, ನಡುನಡುವೆ ಉಸಿರು ಕಟ್ಟಿದ ಹಾಗಾಗಿ ಬೆಚ್ಚಿ ಏಳುವುದು, ಹಗಲೆಲ್ಲ ಜೋಂಪು. ಹೀಗಿದ್ದವರ ಕಾಯಿಲೆ ಉಸಿರಿನ ದಾರಿಯದು. ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2018ರಲ್ಲಿ ಈ ಕಾಯಿಲೆಗೆ ಗಾಂಜಾ ಮದ್ದು ಬೇಡ ಎಂದು ಹೇಳಿದೆ. ಕನಸಿನಲ್ಲಿ ಕೈಕಾಲು ಬಡಿಯುವ ಪಾರ್ಕಿನ್ಸನ್ ರೋಗಿಗಳ ಕತೆಯೂ ಇಂಥದೇ. 2014ರಲ್ಲಿ ನಾಲ್ವರಿಗೆ ಸಿಬಿಡಿಯಿಂದ ಗುಣ ಕಂಡಿತು ಎಂದು ಸುದ್ದಿಯಾಯಿತು. 2021ರಲ್ಲಿ 33 ಜನರಿಗೆ ಹುಸಿಮದ್ದಿನ ಜೊತೆ ಹೋಲಿಸಿ ಕೊಟ್ಟಾಗ ಆ ಬಡಿತ ಕಡಿಮೆಯಾಗಲಿಲ್ಲ.

ಕಾನೂನನ್ನು ಚುಟುಕಾಗಿ ಹೇಳುತ್ತೇನೆ. 1985ರ ಮಾದಕ ವಸ್ತು ಕಾಯ್ದೆ ಗಿಡದ ಹೂತುದಿಯನ್ನು, ಅಂದರೆ ಗಾಂಜಾವನ್ನು, ಮತ್ತು ಚರಸ್ಸನ್ನು ಹಿಡಿಯುತ್ತದೆ. ತುದಿಯಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಎಲೆಯ ವಿಷಯ ರಾಜ್ಯಗಳಿಗೆ ಬಿಟ್ಟದ್ದು, ಆದ್ದರಿಂದ ಗಡಿ ದಾಟಿದರೆ ನಿಯಮ ಬದಲಾಗಬಹುದು. ವಿಜಯಾ ಎಣ್ಣೆಗಳು ಆಯುರ್ವೇದ ಪರವಾನಗಿಯ ಮೇಲೆ ಮಾರಾಟವಾಗುತ್ತವೆ. ಭಂಗಿಯನ್ನು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಸೇರಿಸಿರುವುದರಿಂದ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಅದರ ಚೀಟಿಯ ಮೇಲೆ ಇರಬೇಕು.

ಮಾಮಾ ಅವರ ಕತೆಗೆ ಬರುತ್ತೇನೆ. ಕೈಗೆ ಪಟ್ಟಿ ಕಟ್ಟಿದ ಡಾಕ್ಟರು ಬೇರೇನು ಮದ್ದು ತೆಗೆದುಕೊಳ್ಳುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಮಾಮಾ ಏನೂ ಇಲ್ಲ ಎಂದರು. ಗಾಂಜಾದ ಎಣ್ಣೆ ಎಂದರೆ ಬೈದಾರು ಎಂಬ ಅಂಜಿಕೆ. ಹಿಂದೊಮ್ಮೆ ತಲೆಗೆ ಪೆಟ್ಟು ಬಿದ್ದಂದಿನಿಂದ ರಾತ್ರಿ ನುಂಗುತ್ತಿದ್ದ ಮಾತ್ರೆಯನ್ನಂತೂ ಅವರು ಮದ್ದು ಎಂದು ಎಣಿಸುವುದನ್ನೇ ಬಿಟ್ಟಿದ್ದರು, ಅದು ಊಟದ ಜೊತೆಗಿನ ನೀರಿನ ಹಾಗೆ ರೂಢಿಯಾಗಿತ್ತು. ಮರುದಿನ ಅತ್ತಿ ಸೀಸೆಯನ್ನೂ ಮಾತ್ರೆಯ ಚೀಟಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ತಂದರು. ಮಾತ್ರೆ ಕ್ಲೋಬಾಜಾಮ್. ಅಂದು ಮಧ್ಯಾಹ್ನ ಅವರ ಕಣ್ಣು ಮುಚ್ಚಿಸಿದ್ದು ಮಾತ್ರೆಯೋ, ಟಿಎಚ್‌ಸಿಯೋ, ಬಿಸಿಲೋ ಎಂದು ಡಾಕ್ಟರು ತೀರ್ಪು ಕೊಡಲಿಲ್ಲ. ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ಮೂರ್ಛೆ ಮರಳೀತು, ಅದನ್ನು ಮುಟ್ಟಬೇಡಿ ಎಂದರು. ಎಣ್ಣೆಯನ್ನು ನಿಲ್ಲಿಸಿದರು. ಎರಡು ವಾರ ಗಾಡಿ ಹತ್ತಬಾರದೆಂದರು.

ಈಗ ಮಾಮಾ ರಾತ್ರಿ ಎರಡಕ್ಕೆ ಎದ್ದು ಕಟ್ಟೆಯ ಮೇಲೆ ಕೂರುತ್ತಾರೆ. ಸಂಜೆ ಐದರ ಮೇಲೆ ಚಹಾ ಕುಡಿಯಬಾರದೆಂದು ಡಾಕ್ಟರು ಹೇಳಿದ್ದಾರೆ, ಅದರ ಮೇಲೆ ಮಾಮಾಗೂ ಅತ್ತಿಗೂ ದಿನಾ ಜಗಳ. “ಎಣ್ಣಿ ಬಿಡಂದ್ರು, ಬಿಟ್ಟೆ. ಚಹಾನೂ ಬಿಡು ಅಂದ್ರ ಹೆಂಗ ತಂಗಿ?” ಎಂದು ಮೊನ್ನೆ ನನ್ನನ್ನೇ ಪಂಚಾಯಿತಿಗೆ ಕರೆದಿದ್ದರು. ಕಪ್ಪು ಅರ್ಧಕ್ಕೆ ಇಳಿಸುವಲ್ಲಿಗೆ ರಾಜಿಯಾಗಿದೆ.